ದುಡ್ಡು ಕೊಟ್ಟ ಮೇಲೂ ನಿಮ್ಮದಾಗದ ಪುಸ್ತಕ, ಹಾಡು, ಸಿನಿಮಾ: ಯಾವುದನ್ನು ಹೇಗೆ ಕೊಳ್ಳುವುದು?

ಬೆಂಗಳೂರಿನ ಫ್ಲಿಪ್‌ಕಾರ್ಟ್ ಒಂದು ಕಾಲದಲ್ಲಿ ಹಾಡುಗಳನ್ನೂ ಮಾರುತ್ತಿತ್ತು, ನೆನಪಿದೆಯಾ? ‘ಫ್ಲೈಟ್’ ಅಂತ ಅದರ ಹೆಸರು. 2012ರ ಫೆಬ್ರವರಿಯಲ್ಲಿ ಶುರುವಾಗಿ 2013ರ ಜೂನ್‌ನಲ್ಲಿ ಮುಚ್ಚಿತು. ಅಲ್ಲಿ ಸಿಗುತ್ತಿದ್ದದ್ದು ಬೀಗವಿಲ್ಲದ ಎಂಪಿ3 ಫೈಲ್, ಅಂದರೆ ಮಾರಿದವರ ಆ್ಯಪ್, ಖಾತೆ ಯಾವುದೂ ಇಲ್ಲದೆ ತೆರೆಯುವಂಥದ್ದು. ಅವತ್ತು ಇಳಿಸಿಕೊಂಡು ಜೋಪಾನ ಮಾಡಿದವರ ಹತ್ತಿರ ಆ ಹಾಡು ಈಗಲೂ ಹಾಡುತ್ತದೆ. ಅದೇ ಕಂಪನಿ ಇ-ಪುಸ್ತಕಗಳನ್ನೂ ಮಾರುತ್ತಿತ್ತು. 2015ರ ಕೊನೆಯಲ್ಲಿ ಆ ವ್ಯಾಪಾರವೂ ನಿಂತಿತು. ಆ ಪುಸ್ತಕಗಳಿಗೆ ಬೀಗ ಇತ್ತು. ಹಾಗಾಗಿ ಕೊಂಡವರು ತಮ್ಮ ಪುಸ್ತಕಗಳನ್ನು ಕೊಬೋ ಎಂಬ ಬೇರೆ ಕಂಪನಿಯ ಖಾತೆಗೆ ವರ್ಗ ಮಾಡಿಕೊಳ್ಳಬೇಕಾಗಿ ಬಂತು.

ಎರಡೂ ಡಿಜಿಟಲ್ಲೇ. ಎರಡನ್ನೂ ಮಾರಿದ್ದು ಒಂದೇ ಕಂಪನಿ. ಆದರೂ ಅಂಗಡಿ ಮುಚ್ಚಿದಾಗ ಗಿರಾಕಿಗಳ ಪಾಡು ಬೇರೆ ಬೇರೆಯಾಯಿತು. ಅದಕ್ಕೇ ‘ಡಿಜಿಟಲ್ ತಗೊಳ್ಳಲಾ, ಕೈಗೆ ಸಿಗುವ ಪ್ರತಿ ತಗೊಳ್ಳಲಾ’ ಎಂದು ಯಾರಾದರೂ ಕೇಳಿದರೆ ನಾನು ತಿರುಗಿ ಇನ್ನೊಂದು ಪ್ರಶ್ನೆ ಕೇಳುತ್ತೇನೆ. ಮಾರಿದವರ ಅಪ್ಪಣೆ ಇಲ್ಲದೆ ಇದು ನಾಳೆಯೂ ತೆರೆಯುತ್ತದಾ? ಪುಸ್ತಕ, ಹಾಡು, ಸಿನಿಮಾ, ಗೇಮ್, ಒಂದೊಂದಕ್ಕೂ ಇದರ ಉತ್ತರ ಬೇರೆ.

ಕೊಟ್ಟ ದುಡ್ಡಿಗೆ ಸಿಗುವುದೇನು

ಅಂಗಡಿಯಲ್ಲಿ ಕಾದಂಬರಿ ಕೊಂಡರೆ ಒಳಗಿನ ಬರಹದ ಹಕ್ಕು ಲೇಖಕರದ್ದೇ. ಆದರೆ ಆ ಒಂದು ಪ್ರತಿ ನಿಮ್ಮದು. ಓದಿ ಗೆಳೆಯರಿಗೆ ಕೊಡಬಹುದು, ಮಾರಬಹುದು, ಶಾಲೆಗೆ ದಾನ ಮಾಡಬಹುದು. ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಯ 14ನೇ ಸೆಕ್ಷನ್ನಿನಲ್ಲೇ ಇದಕ್ಕೆ ಜಾಗ ಇದೆ. ಪ್ರತಿಗಳನ್ನು ಜನರಿಗೆ ಹಂಚುವ ಹಕ್ಕು ಲೇಖಕರಿಗೆ ಇದೆ, ಆದರೆ ಈಗಾಗಲೇ ಚಲಾವಣೆಗೆ ಬಂದ ಪ್ರತಿಗಳ ಮೇಲೆ ಇಲ್ಲ ಎಂಬುದು ಅದರ ಸಾರ. ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೇ ಪುಸ್ತಕದ ಅಂಗಡಿಗಳು ಯಾರನ್ನೂ ಕೇಳದೆ ವ್ಯಾಪಾರ ಮಾಡುತ್ತಿರುವುದು ಇದರ ಬಲದ ಮೇಲೆಯೇ. ಅಮೆರಿಕದ ಸುಪ್ರೀಂ ಕೋರ್ಟ್ 1908ರಲ್ಲೇ ಇಂಥದ್ದೇ ತೀರ್ಪು ಕೊಟ್ಟಿತ್ತು.

ಇ-ಪುಸ್ತಕದ ಕತೆ ಹಾಗಲ್ಲ. ಅಮೆಜಾನ್‌ನ ಇ-ಪುಸ್ತಕದ ಅಂಗಡಿಯಾದ ಕಿಂಡಲ್‌ನ ಷರತ್ತುಗಳನ್ನು ತೆಗೆದು ನೋಡಿ. ಇದನ್ನು ನಿಮಗೆ ಮಾರಿಲ್ಲ, ಬಳಸಲು ಲೈಸೆನ್ಸ್ ಕೊಟ್ಟಿದ್ದೇವೆ ಎಂದೇ ಅಲ್ಲಿದೆ. ಇನ್ನೊಬ್ಬರಿಗೆ ಮಾರುವ ಹಾಗಿಲ್ಲ. ಕೊಂಡ ಡಿಜಿಟಲ್ ಹಾಡನ್ನು ಸೆಕೆಂಡ್ ಹ್ಯಾಂಡ್ ಮಾರಲು ಅಮೆರಿಕದಲ್ಲಿ ರೀಡಿಜಿ ಎಂಬ ಕಂಪನಿ ಹೊರಟಿತ್ತು. 2018ರಲ್ಲಿ ಮೇಲ್ಮನವಿ ಕೋರ್ಟಿನಲ್ಲೂ ಸೋತಿತು. ಬಳಸಿದ ಇ-ಪುಸ್ತಕ ಮಾರುವ ನೆದರ್‌ಲ್ಯಾಂಡ್ಸ್‌ನ ಟಾಮ್ ಕ್ಯಾಬಿನೆಟ್‌ಗೆ 2019ರಲ್ಲಿ ಯುರೋಪಿನ ನ್ಯಾಯಾಲಯದಲ್ಲಿ ಅದೇ ಗತಿ ಆಯಿತು. ಅಂದರೆ ಡಿಜಿಟಲ್‌ಗೆ ಅವೆನ್ಯೂ ರಸ್ತೆ ಇಲ್ಲ. ಕೊಟ್ಟ ದುಡ್ಡಿನಲ್ಲಿ ಒಂದು ಪೈಸೆಯೂ ವಾಪಸ್ ಹುಟ್ಟುವುದಿಲ್ಲ.

ಕ್ಯಾಲಿಫೋರ್ನಿಯದಲ್ಲಿ ಇದಕ್ಕಾಗಿಯೇ ಒಂದು ಕಾನೂನು ಬಂದಿದೆ. 2025ರ ಜನವರಿ 1ರಿಂದ ಜಾರಿ. ಬರೀ ಲೈಸೆನ್ಸ್ ಕೊಡುವ ಅಂಗಡಿ ‘ಖರೀದಿ’ ಎಂಬ ಬಟನ್ ಇಟ್ಟರೆ, ಕೊಡುತ್ತಿರುವುದು ಲೈಸೆನ್ಸ್ ಮಾತ್ರ ಎಂದು ಗಿರಾಕಿಗೆ ಕಣ್ಣಿಗೆ ಕಾಣುವಂತೆ ಹೇಳಬೇಕು. ಅದರಲ್ಲಿರುವ ಒಂದು ವಿನಾಯಿತಿ ನನಗೆ ಬಹಳ ಹಿಡಿಸಿತು. ಫೈಲನ್ನು ಕಾಯಂ ಆಗಿ ಇಳಿಸಿಕೊಂಡು, ಇಂಟರ್ನೆಟ್ ಇಲ್ಲದೆಯೂ ಬಳಸಲು ಬಿಡುವ ಅಂಗಡಿಗೆ ಈ ಕಟ್ಟಳೆ ಇಲ್ಲ. ಕಾನೂನು ಮಾಡಿದವರೂ ಗೆರೆ ಎಳೆದದ್ದು ಕಾಗದ ಮತ್ತು ಕಂಪ್ಯೂಟರಿನ ನಡುವೆ ಅಲ್ಲ. ಬೀಗ ಇರುವುದರ ಮತ್ತು ಇಲ್ಲದಿರುವುದರ ನಡುವೆ.

ನಿಜವಾಗಿ ಇರುವುದು ನಾಲ್ಕು ಬಗೆ

ಮೊದಲನೆಯದು ಕೈಗೆ ಸಿಗುವ ಪ್ರತಿ: ಪುಸ್ತಕ, ಸಿ.ಡಿ., ಡಿವಿಡಿ. ಎರಡನೆಯದು ಬೀಗವಿಲ್ಲದ ಫೈಲ್: ಎಂಪಿ3, ಮಾಮೂಲಿ ಪಿಡಿಎಫ್, ಬೀಗ ಹಾಕದ ಇಪಬ್ (ಇ-ಪುಸ್ತಕದ ಒಂದು ಫೈಲ್ ರೂಪ). ಮೂರನೆಯದು ಬೀಗ ಹಾಕಿದ ಫೈಲ್. ಬೆಲೆ ಕೊಟ್ಟು ‘ಕೊಂಡಿರುತ್ತೀರಿ’, ಆದರೆ ಅವರ ಆ್ಯಪ್‌ನಲ್ಲಿ, ಅವರ ಖಾತೆಯಲ್ಲಿ ಮಾತ್ರ ತೆರೆಯುತ್ತದೆ. ನಾಲ್ಕನೆಯದು ತಿಂಗಳ ಚಂದಾ. ಕಟ್ಟುವಷ್ಟು ದಿನ ನೋಡಿ, ಬಿಟ್ಟ ದಿನ ಮುಗಿಯಿತು.

ಚಂದಾದ ಬಗ್ಗೆ ನನಗೆ ತಕರಾರಿಲ್ಲ. ಅದು ಬಾಡಿಗೆ ಅಂತ ಎಲ್ಲರಿಗೂ ಗೊತ್ತು, ಬಾಡಿಗೆಯಷ್ಟೇ ದುಡ್ಡು ತೆಗೆದುಕೊಳ್ಳುತ್ತಾರೆ. ಎಚ್ಚರ ಬೇಕಾದದ್ದು ಮೂರನೆಯದರಲ್ಲಿ. ಬೆಂಗಳೂರಿನಲ್ಲಿ ದೊಡ್ಡ ಮೊತ್ತ ಕೊಟ್ಟು ಮನೆಯನ್ನು ಲೀಸ್‌ಗೆ ಹಾಕಿಕೊಂಡ ಹಾಗೆ ಅದು. ವ್ಯತ್ಯಾಸ ಇಷ್ಟೇ, ಇಲ್ಲಿ ಮನೆ ಬಿಡುವಾಗ ದುಡ್ಡು ವಾಪಸ್ ಬರುವುದಿಲ್ಲ. ಹಾಗಂತ ಯಾವಾಗಲೂ ಬೇಡ ಎನ್ನುವುದಿಲ್ಲ. ಬೆಲೆ ನೋಡಿಕೊಂಡು ತೀರ್ಮಾನಿಸಿ. ಕಾಗದದ ಪ್ರತಿಗೆ 300 ರೂಪಾಯಿ, ಬೀಗದ ಪ್ರತಿಗೆ 280 ರೂಪಾಯಿ ಅಂದರೆ ಅದು ನ್ಯಾಯದ ಬೆಲೆ ಅಲ್ಲ. ಅದೇ 60 ರೂಪಾಯಿಗೆ ಸಿಕ್ಕರೆ, ಒಂದು ಸಲ ಓದುವ ಪುಸ್ತಕವಾದರೆ, ಯಾಕಾಗಬಾರದು?

ಪುಸ್ತಕ: ಕನ್ನಡದ ಲೆಕ್ಕ ಸ್ವಲ್ಪ ಬೇರೆ

ಬೀಗದ ಇ-ಪುಸ್ತಕ ಕೈಬಿಟ್ಟುಹೋದ ಉದಾಹರಣೆಗಳು ಬೇಕಾದಷ್ಟಿವೆ. 2009ರ ಜುಲೈಯಲ್ಲಿ ಅಮೆಜಾನ್, ಜನ ದುಡ್ಡು ಕೊಟ್ಟು ಕೊಂಡಿದ್ದ ಜಾರ್ಜ್ ಆರ್ವೆಲ್‌ನ ಎರಡು ಪುಸ್ತಕಗಳನ್ನು ಅವರ ಕಿಂಡಲ್‌ಗಳಿಂದಲೇ ಅಳಿಸಿಹಾಕಿತು. ಅಂಗಡಿಗೆ ಅವನ್ನು ಹಾಕಿದವರಿಗೆ ಮಾರುವ ಹಕ್ಕೇ ಇರಲಿಲ್ಲ ಎಂಬುದು ಕಾರಣ. ದುಡ್ಡು ವಾಪಸ್ ಕೊಟ್ಟರು, ಜೆಫ್ ಬೆಜೋಸ್ ಕ್ಷಮೆಯನ್ನೂ ಕೇಳಿದರು. ಅಳಿಸಿದ ಎರಡರಲ್ಲಿ ಒಂದು, ಸರ್ಕಾರ ಹಳೆಯ ದಾಖಲೆಗಳನ್ನು ಅಳಿಸಿಹಾಕುವ ಕತೆ ಇರುವ ‘1984’! 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದ ಅಂಗಡಿ ಮುಚ್ಚಿತು. ಆ ಜುಲೈಯಿಂದ ಅಲ್ಲಿ ಕೊಂಡ ಯಾವ ಪುಸ್ತಕವೂ ತೆರೆಯಲಿಲ್ಲ. ದುಡ್ಡು ವಾಪಸ್ ಬಂತು. ಪುಸ್ತಕದೊಳಗೆ ಟಿಪ್ಪಣಿ ಬರೆದುಕೊಂಡಿದ್ದವರಿಗೆ 25 ಡಾಲರ್ ಜಾಸ್ತಿ ಕೊಟ್ಟರು. ಟಿಪ್ಪಣಿಗೆ ಬೆಲೆ ಕಟ್ಟಿದ್ದೇ ದೊಡ್ಡದು ಅನ್ನಿ. ಇನ್ನು 2025ರ ಫೆಬ್ರವರಿ 26ರಿಂದ, ಕೊಂಡ ಕಿಂಡಲ್ ಪುಸ್ತಕವನ್ನು ಕಂಪ್ಯೂಟರಿಗೆ ಇಳಿಸಿ ಕೇಬಲ್ ಮೂಲಕ ಸಾಧನಕ್ಕೆ ಹಾಕಿಕೊಳ್ಳುವ ಸೌಲಭ್ಯವನ್ನೂ ಅಮೆಜಾನ್ ತೆಗೆಯಿತು.

ಕಿಂಡಲ್ ನಮಗೆ ಮೊದಲಿಂದಲೂ ದೂರವೇ. 2016ರ ಡಿಸೆಂಬರ್‌ನಲ್ಲಿ ಅದು ಭಾರತೀಯ ಭಾಷೆಗಳ ಪುಸ್ತಕ ಶುರು ಮಾಡಿದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಇದ್ದವು, ಕನ್ನಡ ಇರಲಿಲ್ಲ. ಹಾಗಾಗಿ ಕನ್ನಡದ ಇ-ಪುಸ್ತಕ ಬೇಕು ಅಂದವರು ಗೂಗಲ್ ಪ್ಲೇ ಬುಕ್ಸ್ ಕಡೆಗೋ, ಕನ್ನಡದವರೇ ಮಾಡಿದ ಆ್ಯಪ್‌ಗಳ ಕಡೆಗೋ ಹೋದರು. ಗೂಗಲ್ ಪ್ಲೇ ಬುಕ್ಸ್‌ನಲ್ಲಿ ಒಂದು ಅನುಕೂಲ ಇದೆ, ಬಹಳ ಜನರಿಗೆ ಗೊತ್ತಿಲ್ಲ. ಬೀಗ ಬೇಕಾ ಬೇಡವಾ ಎಂದು ತೀರ್ಮಾನಿಸುವುದು ಪ್ರಕಾಶಕರು. ಅವರು ಬೇಡ ಎಂದಿದ್ದರೆ, ಕೊಂಡ ಮೇಲೆ ಪುಸ್ತಕವನ್ನು ‘ಎಕ್ಸ್‌ಪೋರ್ಟ್’ ಮಾಡಿ ಮಾಮೂಲಿ ಇಪಬ್ ಅಥವಾ ಪಿಡಿಎಫ್ ಆಗಿ ಇಳಿಸಿಕೊಳ್ಳಬಹುದು. ಬೀಗ ಇದ್ದರೆ ಇಳಿಯುವ ಫೈಲಿನ ಹೆಸರಿನ ಕೊನೆಯಲ್ಲಿ ಎಸಿಎಸ್ಎಂ ಎಂದಿರುತ್ತದೆ. ಅದು ಪುಸ್ತಕ ಅಲ್ಲ, ಅಡೋಬಿ ತಂತ್ರಾಂಶದಲ್ಲಿ ಪುಸ್ತಕ ತೆರೆಯಲು ಕೊಡುವ ಚೀಟಿ ಅಷ್ಟೆ.

ಇನ್ನೊಂದು ತೊಂದರೆ ನಮ್ಮಲ್ಲೇ ಹುಟ್ಟಿದ್ದು. ಕನ್ನಡದ ಎಷ್ಟೋ ಪುಸ್ತಕಗಳ ಪುಟವಿನ್ಯಾಸ ಆಗಿರುವುದು ನುಡಿ, ಶ್ರೀಲಿಪಿಯಂಥ ಹಳೆಯ ಫಾಂಟುಗಳಲ್ಲಿ. ಅದನ್ನು ಹಾಗೇ ಪಿಡಿಎಫ್ ಮಾಡಿ ಕೊಟ್ಟರೆ ಫೋನಿನಲ್ಲಿ ಅಕ್ಷರ ದೊಡ್ಡದು ಮಾಡಲು ಆಗುವುದಿಲ್ಲ, ಒಂದು ಪದ ಹುಡುಕಿದರೆ ಸಿಗುವುದಿಲ್ಲ. ಎಲ್ಲ ಸಾಧನಗಳೂ ಓದುವ ಯೂನಿಕೋಡ್ ಅಕ್ಷರಗಳಿಗೆ ಬದಲಿಸಿದರೆ ಅರ್ಕಾವತ್ತು, ಒತ್ತಕ್ಷರಗಳು ಅಲ್ಲಲ್ಲಿ ಕೈಕೊಡುತ್ತವೆ. ಮತ್ತೆ ಕರಡು ತಿದ್ದದೆ ಹಾಗೇ ಮಾರಿದರೆ ಓದುವವರಿಗೆ ಹಿಂಸೆ. ಆದ್ದರಿಂದ ಕನ್ನಡದ ಇ-ಪುಸ್ತಕ ಕೊಳ್ಳುವ ಮುಂಚೆ ಮಾದರಿ ಪುಟಗಳನ್ನು ನಿಮ್ಮ ಫೋನಿನಲ್ಲೇ ತೆರೆದು ನೋಡಿ. ಮಾದರಿಯನ್ನೇ ಕೊಡದಿದ್ದರೆ ಕಾಗದದ ಪ್ರತಿಯೇ ವಾಸಿ.

ತೆರಿಗೆಯೂ ಕಾಗದದ ಕಡೆಗೇ ವಾಲಿದೆ. ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಇ-ಪುಸ್ತಕಕ್ಕೆ ಮೊದಲು ಶೇ. 18 ಇತ್ತು, ಮುದ್ರಿತ ರೂಪವೂ ಇರುವ ಪುಸ್ತಕಗಳಿಗೆ 2018ರಲ್ಲಿ ಅದನ್ನು ಶೇ. 5ಕ್ಕೆ ಇಳಿಸಿದರು.

ಇಷ್ಟೆಲ್ಲ ಹೇಳಿದೆ ಅಂತ ಕಾಗದವೇ ಶಾಶ್ವತ ಎಂದುಕೊಳ್ಳಬೇಡಿ. ಮಲೆನಾಡಿನ, ಕರಾವಳಿಯ ಮನೆಗಳಲ್ಲಿ ಒಂದು ಮಳೆಗಾಲ ಬೀರುವಿನ ಬಾಗಿಲು ತೆಗೆಯದೆ ಬಿಟ್ಟು ನೋಡಿ, ಬೂಷ್ಟು ಹಿಡಿದಿರುತ್ತದೆ. ಗೆದ್ದಲು ಬಂದರೆ ಕೇಳುವುದೇ ಬೇಡ. ಬಾಡಿಗೆ ಮನೆಯಲ್ಲಿ ಇರುವವರಿಗೆ ಮನೆ ಬದಲಿಸುವಾಗ ಮೊದಲು ಭಾರವಾಗುವುದು ಪುಸ್ತಕದ ಡಬ್ಬಗಳೇ. 2021ರ ಏಪ್ರಿಲ್‌ನಲ್ಲಿ ಮೈಸೂರಿನ ರಾಜೀವ್‌ನಗರದಲ್ಲಿ ಒಬ್ಬ ಕೂಲಿ ಕಾರ್ಮಿಕರು ಕಷ್ಟಪಟ್ಟು ಕಟ್ಟಿದ್ದ ಗ್ರಂಥಾಲಯ ಬೆಂಕಿಗೆ ಸಿಕ್ಕಿ ಸುಮಾರು 11 ಸಾವಿರ ಪುಸ್ತಕ ಬೂದಿಯಾಯಿತು. ಜನ ಮತ್ತೆ ಪುಸ್ತಕ ಕಳಿಸಿದರು, ನಿಜ. ಆದರೆ ಕೈಯಲ್ಲಿರುವ ಒಂದೇ ಪ್ರತಿ ಅಂದರೆ ಅದಕ್ಕೆ ಬರುವ ಆಪತ್ತೂ ಒಂದೇ ಸಾಕು.

ಅಮೆರಿಕದಲ್ಲೋ ದುಬೈನಲ್ಲೋ ಇರುವ ಕನ್ನಡಿಗರಿಗೆ ಕಾಗದದ ಪಕ್ಷಪಾತ ಸುಲಭವಲ್ಲ ಎಂಬುದೂ ಗೊತ್ತು. ಪುಸ್ತಕದ ಬೆಲೆಗಿಂತ ಅಂಚೆಯ ಖರ್ಚು ಜಾಸ್ತಿ ಆಗುತ್ತದೆ. ಊರಿಗೆ ಬಂದು ಹೋಗುವಾಗ ಸೂಟ್‌ಕೇಸಿನಲ್ಲಿ ಉಪ್ಪಿನಕಾಯಿ, ಸಾಂಬಾರ್ ಪುಡಿಗೆ ಜಾಗ ಮಾಡಿ ಉಳಿದ ತೂಕಕ್ಕೆ ಪುಸ್ತಕ. ಅಂಥವರು ಇ-ಪುಸ್ತಕಕ್ಕೇ ಹೋಗಿ, ಆದರೆ ಸಾಧ್ಯವಾದಷ್ಟೂ ಎಕ್ಸ್‌ಪೋರ್ಟ್ ಮಾಡಲು ಬಿಡುವಂಥದ್ದನ್ನೇ ಹುಡುಕಿ.

ನನ್ನ ತೀರ್ಮಾನ ಹೀಗಿದೆ. ಮತ್ತೆ ಮತ್ತೆ ಓದುವ, ಮಕ್ಕಳಿಗೂ ಓದಿಸಬೇಕು ಅನ್ನಿಸುವ ಕನ್ನಡ ಸಾಹಿತ್ಯವನ್ನು ಕಾಗದದಲ್ಲೇ ಕೊಳ್ಳಿ. ಕಣ್ಣಿಗೆ ಬಿದ್ದಾಗಲೇ ಕೊಳ್ಳಿ. ನಮ್ಮಲ್ಲಿ ಒಂದು ಮುದ್ರಣ ಅಂದರೆ ಸಾಮಾನ್ಯವಾಗಿ ಸಾವಿರ ಪ್ರತಿ. ಅದು ಮುಗಿದರೆ ಮರುಮುದ್ರಣ ಯಾವಾಗಲೋ, ಆಗುತ್ತದೋ ಇಲ್ಲವೋ. ಒಂದು ಸಲ ಓದಿ ಬಿಡುವ ಪತ್ತೇದಾರಿ, ಇಂಗ್ಲಿಷಿನ ಬೆಸ್ಟ್‌ಸೆಲ್ಲರ್, ಪ್ರತಿ ವರ್ಷ ಹಳತಾಗುವ ಪರೀಕ್ಷಾ ಗೈಡು, ಇವಕ್ಕೆ ಅಗ್ಗದ ಬೀಗದ ಪ್ರತಿ ಸಾಕು. ಆರು ತಿಂಗಳಲ್ಲಿ ಆ ಆ್ಯಪ್ ಮುಚ್ಚಿದರೂ ನಿಮಗೇನೂ ನಷ್ಟವಿಲ್ಲ.

ಹಳೆಯ ಪುಸ್ತಕಗಳಿಗೆ ದುಡ್ಡು ಕೊಡುವ ಮುಂಚೆ ಒಂದು ಲೆಕ್ಕ ಹಾಕಿ. ಭಾರತದಲ್ಲಿ ಲೇಖಕರು ತೀರಿಕೊಂಡ ಮೇಲೆ 60 ವರ್ಷದವರೆಗೆ ಕೃತಿಸ್ವಾಮ್ಯ ಇರುತ್ತದೆ. ಪಂಜೆ ಮಂಗೇಶರಾಯರು ತೀರಿಕೊಂಡದ್ದು 1937ರಲ್ಲಿ, ಕೈಲಾಸಂ 1946ರಲ್ಲಿ. ಅಂಥವರ ಜೀವಿತಕಾಲದ ಪುಸ್ತಕಗಳನ್ನು ಈಗ ಯಾರು ಬೇಕಾದರೂ ಅಚ್ಚು ಹಾಕಬಹುದು, ಹಂಚಬಹುದು. ಇಂಟರ್ನೆಟ್ ಆರ್ಕೈವ್‌ನಲ್ಲಿ ಬೆಂಗಳೂರಿನ ‘ಸರ್ವೆಂಟ್ಸ್ ಆಫ್ ನಾಲೆಡ್ಜ್’ ತಂಡ ಸ್ಕ್ಯಾನ್ ಮಾಡಿದ ಕನ್ನಡ ಪುಸ್ತಕಗಳ ದೊಡ್ಡ ರಾಶಿಯೇ ಇದೆ. ಇಂಥ ಪುಸ್ತಕವನ್ನು ಬೀಗ ಹಾಕಿ ಮಾರುವ ಆ್ಯಪ್‌ಗೆ ದುಡ್ಡು ಕೊಡುವುದು ಸುಮ್ನೆ ದಂಡ. ಅಂದವಾದ ಹೊಸ ಮುದ್ರಣಕ್ಕೆ ಕೊಟ್ಟರೆ ಅದು ಬೇರೆ ಮಾತು.

ಲೈಸೆನ್ಸ್ ಅಂದ ತಕ್ಷಣ ಅದು ಕೊಳ್ಳುವುದಕ್ಕಿಂತ ಕಮ್ಮಿ ಎಂದೂ ಅಲ್ಲ. ‘ಅಲರ್’ ನಿಘಂಟು ನೋಡಿ. ವಿ. ಕೃಷ್ಣ ಅವರು ಹಲವು ದಶಕ ಕೂತು ಮಾಡಿದ ಕನ್ನಡ–ಇಂಗ್ಲಿಷ್ ನಿಘಂಟು ಅದು. ಒಂದೂವರೆ ಲಕ್ಷದಷ್ಟು ಪದಗಳಿವೆ. 2019ರಲ್ಲಿ ಮುಕ್ತ ಲೈಸೆನ್ಸಿನಲ್ಲಿ ಹೊರಬಂತು. ಷರತ್ತು ಪಾಲಿಸಿದರೆ ಯಾರು ಬೇಕಾದರೂ ಪೂರ್ತಿ ದತ್ತಾಂಶ ಇಳಿಸಿಕೊಳ್ಳಬಹುದು, ಹಂಚಬಹುದು, ಅದರ ಮೇಲೆ ಇನ್ನೊಂದು ಆ್ಯಪ್ ಕಟ್ಟಬಹುದು. ಕಪಾಟಿನಲ್ಲಿರುವ ದಪ್ಪ ರಟ್ಟಿನ ನಿಘಂಟಿಗೆ ಇಷ್ಟು ಸ್ವಾತಂತ್ರ್ಯ ಇಲ್ಲ, ಅಲ್ವಾ? ಅದರ ನೂರು ಪ್ರತಿ ಮಾಡಿ ಹಂಚಿದರೆ ನೋಟಿಸ್ ಬರುತ್ತದೆ. ಹಾಗಾಗಿ ಲೈಸೆನ್ಸ್ ಎಂಬ ಮಾತಿಗೇ ಹೆದರಬೇಡಿ, ಅದರಲ್ಲಿ ಏನು ಬರೆದಿದೆ ನೋಡಿ.

ಹಾಡು: ಹೆಚ್ಚಿನವರಿಗೆ ಚಂದಾ ಸಾಕು

ಹಾಡಿನ ವಿಷಯದಲ್ಲಿ ನಾನು ಅಷ್ಟು ಹಟ ಮಾಡುವುದಿಲ್ಲ. ಒಂದೇ ಸಿನಿಮಾ ಹಾಡು ಹತ್ತು ಆ್ಯಪ್‌ಗಳಲ್ಲಿ, ಯೂಟ್ಯೂಬಿನಲ್ಲಿ, ಎಫ್‌ಎಂನಲ್ಲಿ ಸಿಗುತ್ತದೆ. 2024ರ ಜನವರಿಯಲ್ಲಿ ರೆಸ್ಸೊ ಎಂಬ ಹಾಡಿನ ಆ್ಯಪ್ ಭಾರತದಲ್ಲಿ ಮುಚ್ಚಿತು, ಅದೇ ವರ್ಷ ಏರ್‌ಟೆಲ್‌ನ ವಿಂಕ್ ಮ್ಯೂಸಿಕ್ ಕೂಡ. ಜನ ಇನ್ನೊಂದು ಆ್ಯಪ್ ಹಾಕಿಕೊಂಡರು, ಅಷ್ಟೆ. ಕಷ್ಟಪಟ್ಟು ಮಾಡಿಕೊಂಡ ಹಾಡುಗಳ ಪಟ್ಟಿ ಹೋದ ಬೇಜಾರು ಮಾತ್ರ ಉಳಿಯಿತು. ಒಂದು ತಪ್ಪು ತಿಳಿವಳಿಕೆ ಬಹಳ ಜನರಲ್ಲಿದೆ. ಆ್ಯಪ್‌ನಲ್ಲಿ ‘ಡೌನ್‌ಲೋಡ್’ ಒತ್ತಿದರೆ ಹಾಡು ನಮ್ಮದಾಯಿತು ಅಂತ. ಇಲ್ಲ. ಸ್ಪಾಟಿಫೈನಲ್ಲಿ 30 ದಿನಕ್ಕೆ ಒಮ್ಮೆಯಾದರೂ ಇಂಟರ್ನೆಟ್‌ಗೆ ಬರಲೇಬೇಕು, ಇಲ್ಲದಿದ್ದರೆ ಇಳಿಸಿಕೊಂಡದ್ದೂ ನಡೆಯುವುದಿಲ್ಲ.

ಆದರೆ ಆ್ಯಪ್‌ಗಳಲ್ಲಿ ಇಲ್ಲದ್ದು ಬಹಳ ಇದೆ. ಊರಿನ ಸಣ್ಣ ಕಂಪನಿಗಳು ತಂದ ಯಕ್ಷಗಾನದ ಕ್ಯಾಸೆಟ್, ಹರಿಕತೆ, ದೊಡ್ಡಾಟದ ಪದ, ಯಾವುದೋ ಮಠದ ಪ್ರವಚನ. ಇವುಗಳ ಹಕ್ಕು ಈಗ ಯಾರ ಕೈಯಲ್ಲಿದೆ ಎಂಬುದೇ ಎಷ್ಟೋ ಸಲ ಪತ್ತೆಯಿಲ್ಲ. ಹಾಗಾಗಿ ಯಾರೂ ಆ್ಯಪ್‌ಗೆ ಹಾಕುವುದಿಲ್ಲ. ಇಂಥದ್ದು ಅಟ್ಟದ ಮೇಲೆ ಇದ್ದರೆ ಅದೇ ನಿಮ್ಮ ನಿಜವಾದ ಆಸ್ತಿ. ಕ್ಯಾಸೆಟ್ ಹಾಗೇ ಇಟ್ಟರೆ ಉಳಿಯುವುದಿಲ್ಲ. ಟೇಪಿಗೆ ಬೂಷ್ಟು ಬರುತ್ತದೆ, ಒಳಗಿನ ಒತ್ತುಪಟ್ಟಿ ಉದುರುತ್ತದೆ, ಕಡೆಗೆ ಹಾಕಿ ಕೇಳಲು ಟೇಪ್ ರೆಕಾರ್ಡರ್ ಸಿಗುವುದಿಲ್ಲ. ಒಳ್ಳೆಯ ಸ್ಥಿತಿಯಲ್ಲಿರುವ ಡೆಕ್ ಯಾರ ಹತ್ತಿರವಾದರೂ ಇದ್ದರೆ ಈಗಲೇ ಕಂಪ್ಯೂಟರಿಗೆ ತುಂಬಿಸಿಕೊಳ್ಳಿ. ಅಂಗಡಿಯಿಂದ ಬಂದ ಸಿ.ಡಿ. ಜಾಸ್ತಿ ಬಾಳುತ್ತದೆ. ಮನೆಯಲ್ಲೋ ಸ್ಟುಡಿಯೋದಲ್ಲೋ ಬರೆಸಿದ ಸಿ.ಡಿ. ಅಷ್ಟು ಗಟ್ಟಿಯಲ್ಲ, ಅದರೊಳಗಿನ ಬಣ್ಣದ ಪದರ ಬಿಸಿಲು, ಸೆಖೆಗೆ ಕೆಡುತ್ತದೆ. ಮದುವೆ ಸಿ.ಡಿ.ಗಳೆಲ್ಲ ಈ ಜಾತಿಯವೇ. ಮೊದಲು ಅವನ್ನು ನೋಡಿ.

ಅಪ್ಪ ಅಮ್ಮನಿಗೆ ಅಂತ ಕೇಳುವವರಿಗೆ ಒಂದು ಮಧ್ಯದ ದಾರಿ ಇದೆ. ಸರೆಗಮದವರ ಕಾರವಾನ್ ರೇಡಿಯೋ 2017ರಲ್ಲಿ ಬಂತು. ಹಾಡುಗಳು ಅದರ ಹೊಟ್ಟೆಯಲ್ಲೇ ಇರುತ್ತವೆ. ಹೊರಗೆ ತೆಗೆಯಲು ಆಗುವುದಿಲ್ಲ, ಆದರೆ ಒಟಿಪಿ, ಪಾಸ್‌ವರ್ಡ್, ಇಂಟರ್ನೆಟ್ ಯಾವ ಕಾಟವೂ ಇಲ್ಲ. ಗುಂಡಿ ತಿರುಗಿಸಿದರೆ ಹಾಡು.

ದುಡ್ಡು ಕೊಟ್ಟೇ ಹಾಡು ಕೊಳ್ಳಬೇಕು ಅನ್ನುವವರಿಗೆ ಬೀಗವಿಲ್ಲದ ಫೈಲ್ ಈಗಲೂ ಸಿಗುತ್ತದೆ. ಆಪಲ್ ಐಟ್ಯೂನ್ಸ್ 2009ರಲ್ಲೇ ಹಾಡುಗಳ ಬೀಗ ತೆಗೆಯಿತು. ಬ್ಯಾಂಡ್‌ಕ್ಯಾಂಪ್‌ನಲ್ಲಿ ಸ್ವತಂತ್ರ ಕಲಾವಿದರ ಹಾಡನ್ನು ಬೇಕಾದ ರೂಪದಲ್ಲಿ ಇಳಿಸಿಕೊಳ್ಳಬಹುದು. ಕಾರಿನ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಲು ಇದೇ ಸರಿ. ಶಿರಾಡಿ ಘಾಟಿಯಲ್ಲಿ ಸಿಗ್ನಲ್ ಹೋದರೂ ಹಾಡು ನಿಲ್ಲುವುದಿಲ್ಲ.

ಸಿನಿಮಾ: ‘ಖರೀದಿ’ ಬಟನ್ ಬಿಟ್ಟು ‘ಬಾಡಿಗೆ’ ಒತ್ತಿ

ಸಿನಿಮಾದಲ್ಲಿ ಡಿಸ್ಕಿನ ಕಾಲ ನಮ್ಮಲ್ಲಿ ಬೇಗ ಬಂದು ಬೇಗ ಹೋಯಿತು. ಮೋಸರ್ ಬೇರ್ ಕಂಪನಿ 28 ರೂಪಾಯಿಗೆ ವಿಸಿಡಿ, 34 ರೂಪಾಯಿಗೆ ಡಿವಿಡಿ ಮಾರಿದ್ದು ನೆನಪಿರಬೇಕು. ಕಿರಾಣಿ ಅಂಗಡಿಯಲ್ಲೂ ನೇತುಹಾಕಿರುತ್ತಿದ್ದರು. ಆ ಕಂಪನಿಯೇ 2018ರಲ್ಲಿ ದಿವಾಳಿ ಎತ್ತಿತು. ಈಗ ಹೊಸ ಕನ್ನಡ ಸಿನಿಮಾದ ಡಿಸ್ಕ್ ಬೇಕು ಅಂದರೆ ಹುಡುಕಿದರೂ ಸಿಗುವುದು ಕಷ್ಟ. ಆಯ್ಕೆಯೇ ಇಲ್ಲದ ಕಡೆ ಹೋಲಿಕೆ ಮಾಡಿ ಏನು ಪ್ರಯೋಜನ? ಚಂದಾ ಇಲ್ಲವೇ ಬಾಡಿಗೆ. ಪ್ರೈಮ್ ವಿಡಿಯೋ 2022ರಲ್ಲಿ ಇಲ್ಲಿ ಬಾಡಿಗೆ ಶುರು ಮಾಡಿತು. ಸಾಮಾನ್ಯವಾಗಿ 30 ದಿನದೊಳಗೆ ಶುರು ಮಾಡಬೇಕು, ಶುರು ಮಾಡಿದ 48 ಗಂಟೆಯಲ್ಲಿ ಮುಗಿಸಬೇಕು.

ಚಂದಾದಲ್ಲಿ ಇವತ್ತು ಇದ್ದದ್ದು ನಾಳೆ ಇರುವುದಿಲ್ಲ. ಎಚ್‌ಬಿಒ ಸರಣಿಗಳು 2023ರ ಮಾರ್ಚ್ 31ಕ್ಕೆ ಹಾಟ್‌ಸ್ಟಾರ್‌ನಿಂದ ಹೋದವು. ವರ್ಷದ ಚಂದಾ ಕಟ್ಟಿದ್ದವರು ಕೈಕೈ ಹಿಸುಕಿಕೊಂಡರು. ಹಾಗಾಗಿ ಒಂದು ಸರಣಿಯನ್ನು ನಂಬಿ ವರ್ಷದ ಚಂದಾ ಕಟ್ಟಬೇಡಿ. ತಿಂಗಳದ್ದು ಕಟ್ಟಿ, ನೋಡಿ, ಬಿಡಿ.

ಆಪಲ್‌ನಂಥ ಅಂಗಡಿಗಳಲ್ಲಿ ಸಿನಿಮಾಗೆ ಬಾಡಿಗೆ ಮತ್ತು ಖರೀದಿ ಎರಡೂ ಬೆಲೆ ಇರುತ್ತವೆ. ಖರೀದಿ ಅನ್ನುವುದು ಅಲ್ಲಿ ಬೀಗದ ಪ್ರತಿಯೇ. ಐದಾರು ಸಲ ನೋಡುವ ಸಿನಿಮಾ ಅಲ್ಲದಿದ್ದರೆ ಬಾಡಿಗೆಯೇ ಲಾಭ. 2023ರ ಡಿಸೆಂಬರ್‌ನಲ್ಲಿ ಸೋನಿ, ಪ್ಲೇಸ್ಟೇಷನ್‌ನಲ್ಲಿ ಜನ ಕೊಂಡಿದ್ದ ಡಿಸ್ಕವರಿ ಕಾರ್ಯಕ್ರಮಗಳನ್ನು ತೆಗೆದುಹಾಕುತ್ತೇವೆ ಎಂದಿತು. ಗದ್ದಲ ಆದ ಮೇಲೆ ಹಿಂದೆ ಸರಿಯಿತು. ಫ್ಯುನಿಮೇಷನ್ ಹಿಂದೆ ಸರಿಯಲಿಲ್ಲ. ಅದು ಜಪಾನಿ ಅನಿಮೆ ಮಾರುತ್ತಿದ್ದ ಅಮೆರಿಕದ ಕಂಪನಿ. ಡಿಸ್ಕ್ ಕೊಂಡವರಿಗೆ ಜೊತೆಗೆ ಡಿಜಿಟಲ್ ಪ್ರತಿಯ ಕೋಡನ್ನೂ ಕೊಡುತ್ತಿತ್ತು. 2024ರ ಏಪ್ರಿಲ್ 2ಕ್ಕೆ ಕ್ರಂಚಿರೋಲ್ ಎಂಬ ಇನ್ನೊಂದು ಅನಿಮೆ ಸೇವೆಯ ಜೊತೆ ಸೇರಿಹೋದಾಗ ಆ ಡಿಜಿಟಲ್ ಪ್ರತಿಗಳೆಲ್ಲ ಹೋದವು. ಡಬ್ಬಿಯಲ್ಲಿದ್ದ ಡಿಸ್ಕ್ ಮಾತ್ರ ಮೊದಲಿನ ಹಾಗೇ ಓಡುತ್ತಿದೆ.

ಚಿತ್ರದ ಗುಣಮಟ್ಟದ ಹುಚ್ಚು ಇರುವವರಿಗೆ ಡಿಸ್ಕಿನ ಪರವಾಗಿ ಇನ್ನೊಂದು ಕಾರಣ ಇದೆ. ನೆಟ್‌ಫ್ಲಿಕ್ಸ್‌ನ 4ಕೆಗೆ (ಅತಿ ಸ್ಪಷ್ಟ ಚಿತ್ರಕ್ಕೆ) ಸೆಕೆಂಡಿಗೆ 15 ಮೆಗಾಬಿಟ್ ವೇಗದ ಸಂಪರ್ಕ ಇದ್ದರೆ ಸಾಕು ಎನ್ನುತ್ತಾರೆ. 4ಕೆ ಬ್ಲೂ-ರೇ ಡಿಸ್ಕಿನಿಂದ ಬರುವ ಮಾಹಿತಿ ಸೆಕೆಂಡಿಗೆ 100 ಮೆಗಾಬಿಟ್ಟನ್ನೂ ಮೀರಬಹುದು. ಕತ್ತಲೆಯ ದೃಶ್ಯಗಳಲ್ಲಿ, ಹೊಗೆ, ಮಳೆ ಇರುವ ಕಡೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಆದರೆ ವಿದೇಶದಿಂದ ಡಿಸ್ಕ್ ತರಿಸುವವರು ಹುಷಾರಾಗಿರಿ. ಡಿಸ್ಕು, ಪ್ಲೇಯರುಗಳನ್ನು ದೇಶ ನೋಡಿ ವಲಯಗಳಾಗಿ ಹಂಚಿರುತ್ತಾರೆ. ಭಾರತ ಡಿವಿಡಿಯಲ್ಲಿ 5ನೇ ವಲಯ, ಬ್ಲೂ-ರೇಯಲ್ಲಿ ಸಿ ವಲಯ. ಅಮೆರಿಕದ್ದು 1 ಮತ್ತು ಎ. ಅಲ್ಲಿಂದ ತಂದ ಡಿಸ್ಕ್ ಇಲ್ಲಿನ ಪ್ಲೇಯರಿನಲ್ಲಿ ಓಡದೆ ಇರಬಹುದು. ಕೈಯಲ್ಲಿ ಡಿಸ್ಕ್ ಇದ್ದರೂ ಬೀಗ ಇರುತ್ತದೆ ಎನ್ನುವುದಕ್ಕೆ ಇದೇ ಸಾಕ್ಷಿ. 4ಕೆ ಡಿಸ್ಕುಗಳಿಗೆ ವಲಯದ ಕಟ್ಟುಪಾಡು ಇಲ್ಲ.

ಮನೆಯಲ್ಲಿ ಹಳೆ ಕನ್ನಡ ಸಿನಿಮಾದ ವಿಸಿಡಿಗಳಿದ್ದರೆ ಗುಜರಿಗೆ ಹಾಕಬೇಡಿ. ಚಿತ್ರ ಮಸುಕು, ಒಪ್ಪುತ್ತೇನೆ. 352 ಅಡ್ಡ, 288 ಉದ್ದ ಚುಕ್ಕಿಗಳಷ್ಟೇ. ಆದರೆ ವಿಸಿಡಿಗೆ ಬೀಗ ಇಲ್ಲ. ಕಂಪ್ಯೂಟರಿಗೆ ಹಾಕಿ ‘ಎಂಪಿಇಜಿಎವಿ’ ಎಂಬ ಫೋಲ್ಡರ್ ತೆರೆದರೆ ಸಿನಿಮಾ ಒಂದು ಫೈಲ್ ಆಗಿ ಕಾಣುತ್ತದೆ. ಎತ್ತಿಟ್ಟುಕೊಳ್ಳಬಹುದು. ಕನ್ನಡದ ಮೊದಲ ಮಾತಿನ ಚಿತ್ರ, 1934ರ ‘ಸತಿ ಸುಲೋಚನ’ದ ಒಂದು ಪ್ರತಿಯೂ ಉಳಿದಿಲ್ಲ. ಸಿನಿಮಾ ಮಾಡಿದವರೇ ಜೋಪಾನ ಮಾಡಿರುತ್ತಾರೆ ಎಂಬ ನಂಬಿಕೆ ನಮ್ಮಲ್ಲಿ ಅಷ್ಟಾಗಿ ನಡೆದಿಲ್ಲ.

ಗೇಮ್: ಡಿಸ್ಕ್ ಇದ್ದರೂ ಸಾಲದು

ಇದನ್ನು ಬೇಗ ಮುಗಿಸುತ್ತೇನೆ. ಯುಬಿಸಾಫ್ಟ್‌ನ ‘ದಿ ಕ್ರೂ’ ಎಂಬ ಕಾರ್ ರೇಸಿನ ಗೇಮಿನ ಸರ್ವರ್ 2024ರ ಮಾರ್ಚ್ 31ಕ್ಕೆ ನಿಂತಿತು. ಅಂಗಡಿಯಲ್ಲಿ ಡಿಸ್ಕ್ ಕೊಂಡಿದ್ದವರಿಗೂ ಆಟ ನಿಂತುಹೋಯಿತು, ಯಾಕೆಂದರೆ ಒಬ್ಬರೇ ಆಡಿದರೂ ಅದಕ್ಕೆ ಸರ್ವರ್ ಬೇಕಿತ್ತು. ನಿಂಟೆಂಡೋ ಸ್ವಿಚ್ 2ಕ್ಕೆ ಬರುವ ಕೆಲವು ಕಾರ್ಡುಗಳ ಒಳಗೆ ಗೇಮೇ ಇರುವುದಿಲ್ಲ, ಇಂಟರ್ನೆಟ್‌ನಿಂದ ಇಳಿಸಿಕೊಳ್ಳಲು ಬೇಕಾದ ಕೀಲಿ ಮಾತ್ರ ಇರುತ್ತದೆ. ಇಲ್ಲಿ ಡಬ್ಬಿ ನೋಡಿ ಮೋಸಹೋಗಬೇಡಿ. ಪಿಸಿಯಲ್ಲಿ ಆಡುವವರು ಜಿಒಜಿ ಅಂಗಡಿಯಲ್ಲಿ ಬೀಗವಿಲ್ಲದ ಇನ್‌ಸ್ಟಾಲರ್ ಇಳಿಸಿಟ್ಟುಕೊಳ್ಳಬಹುದು. ಸ್ಟೀಮ್ ಎಂಬ ಗೇಮ್ ಅಂಗಡಿಯಲ್ಲಿ ಸಿಗುವುದು ಲೈಸೆನ್ಸ್. 2024ರ ಅಕ್ಟೋಬರ್‌ನಿಂದ ದುಡ್ಡು ಕಟ್ಟುವ ಪುಟದಲ್ಲೇ ಹಾಗೆಂದು ಬರೆದಿದ್ದಾರೆ.

ಕೊಳ್ಳುವ ಮುಂಚೆ, ಕೊಂಡ ಮೇಲೆ

ಖಾತೆ ಯಾರ ಹೆಸರಿನಲ್ಲಿ, ಯಾವ ಫೋನ್ ನಂಬರಿನಲ್ಲಿ ಇದೆ ನೋಡಿಕೊಳ್ಳಿ. ನಮ್ಮಲ್ಲಿ ಎಲ್ಲವೂ ಒಟಿಪಿಯ ಮೇಲೆ ನಿಂತಿದೆ. ಹಳೆ ಸಿಮ್ ರೀಚಾರ್ಜ್ ಮಾಡದೆ ಬಿಟ್ಟರೆ ಆ ನಂಬರ್ ಮುಂದೆ ಇನ್ಯಾರಿಗೋ ಹೋಗುತ್ತದೆ. ನಿಮ್ಮ ಇನ್ನೂರು ಪುಸ್ತಕದ ಬಾಗಿಲೂ ಅದರ ಜೊತೆಗೇ ಹೋದೀತು. ಮನೆಯ ಹಿರಿಯರು ತೀರಿಕೊಂಡರೆ ಅವರ ಕಪಾಟಿನ ಪುಸ್ತಕಗಳು ಮಕ್ಕಳಿಗೆ ಬರುತ್ತವೆ. ಅವರ ಖಾತೆಯ ಪುಸ್ತಕಗಳು ಹಾಗೆ ಬರುವುದಿಲ್ಲ. ಅಂಗಡಿ ಕೊಟ್ಟದ್ದು ಅವರೊಬ್ಬರಿಗೆ ಮಾತ್ರ ಲೈಸೆನ್ಸ್. ಇಮೇಲ್, ಪಾಸ್‌ವರ್ಡುಗಳನ್ನು ಮನೆಯಲ್ಲಿ ಇನ್ನೊಬ್ಬರಿಗೆ ಗೊತ್ತಿರುವ ಜಾಗದಲ್ಲಿ ಬರೆದಿಡಿ.

ಬೀಗ ಮುರಿಯುವ ತಂತ್ರಾಂಶ ಸಿಗುತ್ತದಲ್ಲ, ಅದನ್ನೇ ಬಳಸಿದರಾಯಿತು ಅನ್ನುವವರು ಸಿಗುತ್ತಾರೆ. ಕೃತಿಸ್ವಾಮ್ಯ ಕಾಯಿದೆಗೆ 2012ರಲ್ಲಿ 65ಎ ಎಂಬ ಸೆಕ್ಷನ್ ಸೇರಿದೆ. ಹಕ್ಕುಗಳನ್ನು ಉಲ್ಲಂಘಿಸುವ ಉದ್ದೇಶದಿಂದ ಬೀಗ ಮುರಿದರೆ ಎರಡು ವರ್ಷದವರೆಗೆ ಜೈಲು, ದಂಡ. ಮುರಿಯುವ ಗೋಜಿಗಿಂತ ಬೀಗವಿಲ್ಲದ್ದನ್ನು ಹುಡುಕಿ ಕೊಳ್ಳುವುದೇ ನೆಮ್ಮದಿ. ಕನ್ನಡದ ಸಣ್ಣ ಪ್ರಕಾಶಕರಿಗೆ ‘ಬೀಗ ಹಾಕದ ಇಪಬ್ ಕೊಡುತ್ತೀರಾ’ ಎಂದು ಒಂದು ಮೆಸೇಜ್ ಹಾಕಿ ಕೇಳಿ. ಓದುಗರಿಂದ ಕೇಳಿಕೆ ಬಂದರೆ ತಾನೇ ಅವರಿಗೂ ಗೊತ್ತಾಗುವುದು.

ಬೀಗವಿಲ್ಲದ ಫೈಲ್ ಕೊಂಡವರಿಗೆ ಒಂದು ಜವಾಬ್ದಾರಿ ಜಾಸ್ತಿ: ಕಾಯುವುದು ನಿಮ್ಮ ಕೆಲಸವೇ. ಇ-ಪುಸ್ತಕಗಳನ್ನು ಜೋಡಿಸಿಡಲು ‘ಕ್ಯಾಲಿಬರ್’ ತಂತ್ರಾಂಶ ಬಳಸಿ. ಅದನ್ನು ಬರೆದವರು ಕೋವಿದ್ ಗೋಯಲ್, ನಮ್ಮ ದೇಶದವರೇ, ಬಿಟ್ಟಿ ಸಿಗುತ್ತದೆ. ಎಲ್ಲವನ್ನೂ ಎರಡು ಹಾರ್ಡ್ ಡಿಸ್ಕಿಗೆ ಹಾಕಿ, ಒಂದನ್ನು ಬೇರೆ ಮನೆಯಲ್ಲಿಡಿ. ಅಕ್ಕನ ಮನೆಯಾದರೂ ಸರಿ, ಊರಿನ ಮನೆಯಾದರೂ ಸರಿ. ಪೆನ್‌ಡ್ರೈವನ್ನು ನಂಬಬೇಡಿ, ಅದು ಕಾರಿಗೆ ಮಾತ್ರ. ವರ್ಷಕ್ಕೊಮ್ಮೆ, ದಸರೆಗೋ ಯುಗಾದಿಗೋ ಮನೆ ಸ್ವಚ್ಛ ಮಾಡುವಾಗ ಎರಡೂ ಡಿಸ್ಕ್ ಹಾಕಿ ಒಂದೆರಡು ಫೈಲ್ ತೆರೆದು ನೋಡಿ. ಒಂದು ಡಿಸ್ಕ್ ಕರಕರ ಸದ್ದು ಮಾಡಿದರೆ ಅವತ್ತೇ ಹೊಸದು ತನ್ನಿ.